ಕೊರಳ ಹಾರದಂತಹ ಒಂದು ಸಂಖ್ಯೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈ ಪುಟವನ್ನು ಕಂಡೊಡನೆ, “ಇಲ್ಲಿಯೂ ಲೆಕ್ಕವೇ!” ಎಂದು ನಕ್ಕಾರು. ಆದರೂ ಕಾಗದವನ್ನೂ ಸೀಸದ ಕಡ್ಡಿಯನ್ನೂ ಹಿಡಿದು ಕೆಲವು ನಿಮಿಷ ನಮ್ಮೊಡನೆ ಕುಳಿತುಕೊಳ್ಳಬೇಕೆಂದು ಅವರನ್ನೂ ಮಾನ್ಯ ಪೋಷಕರನ್ನೂ ಬೇಡುತ್ತೇವೆ. ನಾವು ಹೇಳಹೊರಟಿರುವುದು ೧೨೩೪೫೬೫೪೩೨೧ ಎಂಬ ಒಂದೇ ಸಂಖ್ಯೆಯ ವಿಚಾರ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಕ್ಕಿದ ಈ ಸಂಖ್ಯೆಯ ಅಂಕಿಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುವು.

ಇದು ಕನ್ನಡ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಗುಣಾಕಾರದ ಅಭ್ಯಾಸಕ್ಕೆಂದು ಆಚಾರ್ಯರು ಕೊಟ್ಟಿರುವ ಲೆಕ್ಕಗಳಲ್ಲಿ ಕೆಲವಕ್ಕೆ ಕೊರಳ ಹಾರದಂತೆ ಜೋಡಣೆಗೊಂಡ ಉತ್ತರಗಳು ಬರುವುವು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ನಮ್ಮ ಸಂಖ್ಯೆಯೇ ದೊರೆಯುವುದು.

ಇದರ ಗುಟ್ಟೇನು? ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೨೧ನ್ನು ೫೨೯೧ರಿಂದ ಗುಣಿಸಿದರೆ ೧೧೧೧೧೧ ಆಗುವುದು. ಆದುದರಿಂದ ನಮ್ಮ ಸಂಖ್ಯೆಯು ೧೧೧೧೧೧ರ ವರ್ಗವಲ್ಲದೆ ಬೇರೆಯಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದವರಿಗೆ ಹೀಗೆ ಹೇಳಬಹುದು: ಸಾಲಿಗೆ ೧೧೧೧೧೧ ಮರಗಳಂತೆ ಅಷ್ಟೇ ಸಾಲುಗಳ ಚೌಕ ತೆಂಗಿನ ತೋಟದಲ್ಲಿರುವ ಮರಗಳ ಎಣಿಕೆಯೇ ಇದು. ಮರದಿಂದ ಮರಕ್ಕೆ ಮೂವತ್ತು ಅಡಿ ಬಿಟ್ಟರೆ ಅಂತಹ ತೋಟದ ಒಂದೊಂದು ಪಕ್ಕವೂ ೬೩೦ ಮೈಲಿಗಿಂತ ಉದ್ದವಾಗುವುದು!

ಅಂಕಿಗಳು ಏರಿ ಇಳಿಯುವುದೇಕೆ? ೧೧೧೧೧೧ನ್ನು ಅದರಿಂದಲೇ ಗುಣಿಸುವಾಗ ಅದೇ ಸಂಖ್ಯೆಯನ್ನು ಆರು ಸಾಲುಗಳಲ್ಲಿ, ಪ್ರತಿ ಸಾಲನ್ನೂ ಒಂದು ಸ್ಥಾನ ಎಡಕ್ಕೆ ಸರಿಸಿ, ಬರೆಯುತ್ತೇವೆ. ಕಂಬಸಾಲುಗಳನ್ನು ಕೂಡಿದರೆ ಬಲತುದಿಯಲ್ಲಿ ಒಂದು, ಮುಂದೆ ಎರಡು, ಹೀಗೆ ನಡುವಿನಲ್ಲಿ ಆರು; ಅಲ್ಲಿಂದಾಚೆ ಇಳಿತ. ಯಾವ ಮೊತ್ತವೂ ಹತ್ತನ್ನು ಮುಟ್ಟದ ಕಾರಣ ಹಾರವು ಕೆಡುವುದಿಲ್ಲ.

ಇದರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩, ೩೭. ಪ್ರತಿಯೊಂದೂ ಎರಡೆರಡು ಬಾರಿ. ಆದುದರಿಂದ ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ೨೪೩ ಇರುವುವು. ಅಂಕಿಗಳ ಮೊತ್ತ ೩೬. ಅದೂ ಆರರ ವರ್ಗವೇ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎಷ್ಟು ಒಂದುಗಳನ್ನು ಬರೆದರೂ ಹೀಗೆಯೇ ಆಗುವುದೆಂದು ನಾವೊಮ್ಮೆ ತರಗತಿಯಲ್ಲಿ ಹೇಳಿಬಿಟ್ಟೆವು. ಹಿಂದಿನ ಬೆಂಚಿನ ಬಾಲಕಿಯೊಬ್ಬಳು ಮೆಲ್ಲನೆ ಎದ್ದು, “ಹತ್ತು ಒಂದುಗಳಾದರೆ ನಡುವಿನ ಮೊತ್ತ ಹತ್ತಾಗುವುದಲ್ಲವೇ ಅಮ್ಮ?” ಎಂದಳು. ಕರಿಹಲಗೆಯ ಮೇಲೆ ಗುಣಿಸಿ ನೋಡಿದೆವು. ನಡುವೆ ಸೊನ್ನೆ ಉಳಿದು ದಶಕವು ಎಡಕ್ಕೆ ಹೋಯಿತು. ಅಲ್ಲಿದ್ದ ಒಂಬತ್ತೂ ಹತ್ತಾಯಿತು. ಉತ್ತರ ೧೨೩೪೫೬೭೯೦೦೯೮೭೬೫೪೩೨೧. ಹಾರ ಹರಿದಿತ್ತು! ಒಂಬತ್ತು ಒಂದುಗಳವರೆಗೆ ಮಾತ್ರ ಅದು ನಿಲ್ಲುವುದು.

ಆ ದಿನ ಗುರುವಿನ ಮಾತಿಗಿಂತ ಕಾರಣವು ದೊಡ್ಡದೆಂದು ತರಗತಿಯೆಲ್ಲ ಕಲಿತಿತು, ನಾವೂ ಕಲಿತೆವು. “ಹೆಣ್ಣುಮಗುವಿಗೆ ಇಷ್ಟು ಲೆಕ್ಕವೇಕೆ?” ಎಂದು ಕೇಳುವ ಪೋಷಕರಿಗೆ ನಮ್ಮ ಉತ್ತರವೂ ಇದೇ. ಹೇಳಿದ್ದನ್ನು ತಾನೇ ಗುಣಿಸಿ ನೋಡಬಲ್ಲ ಮಗಳು ಕೊಬ್ಬರಿಯ ಚೀಟಿಯಲ್ಲಿಯೂ ಮೋಸಹೋಗಳು, ಬಾಳಿನಲ್ಲಿಯೂ ಮೋಸಹೋಗಳು. ಆ ಹಾರವನ್ನು ಅವಳ ಕೊರಳಿಗೆ ಹಾಕಿರಿ.