ಶ್ವಾಸಕೋಶದ ಒಡ್ಡು

ನವಿಲುತೀರ್ಥ ಡ್ಯಾಮಿನಿಂದ ಮಲಪ್ರಭಾ ಕಾಲುವೆಗೆ ನೀರು ಬಿಟ್ಟಾಗ ನಮ್ಮ ರಾಮದುರ್ಗದ ಕಡೆ ರೈತರು ಏನು ಮಾಡ್ತಾರೆ? ಬೆಳೆ ಇಲ್ಲದ ಹೊಲದ ಕಡೆ ಮಣ್ಣಿನ ಒಡ್ಡು ಹಾಕಿ, ಬೆಳೆ ಇರೋ ಕಡೆ ನೀರು ತಿರುಗಿಸ್ತಾರೆ. ನಮ್ಮ ಶ್ವಾಸಕೋಶವೂ ರಕ್ತದ ವಿಷಯದಲ್ಲಿ ಇದನ್ನೇ ಮಾಡುತ್ತೆ.

ದೇಹದ ಬೇರೆ ಕಡೆ ಆಕ್ಸಿಜನ್ ಕಡಿಮೆಯಾದರೆ ರಕ್ತನಾಳಗಳು ಹಿಗ್ಗುತ್ತವೆ. ಶ್ವಾಸಕೋಶದಲ್ಲಿ ಮಾತ್ರ ಉಲ್ಟಾ, ಕುಗ್ಗುತ್ತವೆ. 1946ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳಾದ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಕಫ ಕಟ್ಟಿ ಶ್ವಾಸಕೋಶದ ಒಂದು ಭಾಗಕ್ಕೆ ಗಾಳಿ ಹೋಗ್ತಿಲ್ಲ ಅಂದ್ಕೊಳ್ಳಿ. ಅಲ್ಲಿಗೆ ರಕ್ತ ಹೋಗಿ ಏನು ಪ್ರಯೋಜನ? ಗಾಳಿ ಇರುವ ಕಡೆ ಹೋದರೆ ಆಕ್ಸಿಜನ್ನಾದರೂ ಸಿಗುತ್ತೆ.

ಇದಕ್ಕೆ ಮೆದುಳಿನ ಆರ್ಡರ್ ಬೇಕಿಲ್ಲ. ಸಣ್ಣ ಅಪಧಮನಿಗಳ ಗೋಡೆಯಲ್ಲಿರುವ ಸ್ನಾಯುಕೋಶಗಳೇ ಸಾಕು. ಅವುಗಳ ಮೈಟೊಕಾಂಡ್ರಿಯಾ ಒಂದು ಸೆನ್ಸರ್ ಇದ್ದ ಹಾಗೆ. ಆಕ್ಸಿಜನ್ ಇಳಿದಾಗ ಪೊಟ್ಯಾಶಿಯಂ ಚಾನೆಲ್‌ಗಳು ಮುಚ್ಚುತ್ತವೆ, ಕೋಶದ ವೋಲ್ಟೇಜ್ ಬದಲಾಗುತ್ತೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ, ಸ್ನಾಯು ಬಿಗಿಯುತ್ತೆ. ಇದು ಸೆಕೆಂಡುಗಳಲ್ಲೇ ಶುರುವಾಗುತ್ತೆ. ಆಕ್ಸಿಜನ್ ಕೊರತೆ ಹಾಗೇ ಮುಂದುವರಿದರೆ ಎಚ್‌ಐಎಫ್ ಎಂಬ ಪ್ರೋಟೀನ್ ಹಲವು ಜೀನ್‌ಗಳನ್ನು ಆನ್ ಮಾಡುತ್ತೆ; ವಾರಗಳು ಕಳೆದಂತೆ ನಾಳದ ಗೋಡೆಯೇ ದಪ್ಪವಾಗುತ್ತೆ. ಕೋಶಗಳು ಆಕ್ಸಿಜನ್ ಅಳೆಯುವ ಈ ಎಚ್‌ಐಎಫ್ ದಾರಿಯನ್ನು ಕಂಡುಹಿಡಿದ ಮೂವರಿಗೆ 2019ರ ನೊಬೆಲ್ ಬಂತು.

ಈಗ ಸಮಸ್ಯೆಗೆ ಬರೋಣ. ಸೆಮಿಸ್ಟರ್ ರಜೆಯಲ್ಲಿ ಲಡಾಖ್ ಟ್ರಿಪ್ ಹೊರಡೋರು ಸ್ವಲ್ಪ ಗಮನಿಸಿ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿ ಸಿಗುವ ಆಕ್ಸಿಜನ್ ಮೂರರಲ್ಲಿ ಎರಡು ಪಾಲು ಮಾತ್ರ. ಒಂದು ಭಾಗದಲ್ಲಲ್ಲ, ಇಡೀ ಶ್ವಾಸಕೋಶದಲ್ಲಿ ಕೊರತೆ. ಅಂದರೆ ಎಲ್ಲ ಕಡೆ ಒಟ್ಟಿಗೇ ಒಡ್ಡು! ಹೃದಯ ಮಾತ್ರ ಪಂಪ್ ಮಾಡ್ತಾನೇ ಇರುತ್ತೆ. ಒತ್ತಡ ಏರುತ್ತೆ. ಕೆಲವರಲ್ಲಿ ಅದು ಮಿತಿಮೀರಿ, ಸೂಕ್ಷ್ಮ ನಾಳಗಳಿಂದ ದ್ರವ ಸೋರಿ ಗಾಳಿಚೀಲಗಳಲ್ಲಿ ತುಂಬಿಕೊಳ್ಳುತ್ತೆ. ಎತ್ತರಕ್ಕೆ ಹೋದ ಎರಡರಿಂದ ನಾಲ್ಕು ದಿನಗಳಲ್ಲಿ ಇದು ಕಾಣಿಸಿಕೊಳ್ಳೋದು ಹೆಚ್ಚು. ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತೆ, ಜೀವವನ್ನೂ ತೆಗೆಯುತ್ತೆ.

ಅದಕ್ಕೇ ನಮ್ಮ ಸೈನ್ಯದಲ್ಲಿ 9,000 ಅಡಿ ದಾಟಿದವರಿಗೆ ಮೊದಲ ಹಂತದಲ್ಲೇ ಆರು ದಿನ ಹೊಂದಿಕೊಳ್ಳಲು ಕೊಡುತ್ತಾರೆ. ಅಷ್ಟು ತರಬೇತಿ ಪಡೆದ ಜವಾನರಿಗೇ ಆರು ದಿನ ಬೇಕಾದರೆ, ಜಿಮ್‌ಗೆ ಹೋಗೋ ನಮಗೆ? ವಿಮಾನದಲ್ಲಿ ಲೇಹ್‌ಗೆ ಇಳಿದರೆ ಕನಿಷ್ಠ ಎರಡು ದಿನ ವಿಶ್ರಾಂತಿ ತೆಗೆದುಕೊಳ್ಳಿ, ಬೈಕ್ ಕಾಯಲಿ. ಗೆಳೆಯನಿಗೆ ಒಣಕೆಮ್ಮು ಶುರುವಾಗಿ, ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದ್ದರೆ "ನೆಗಡಿ ಇರಬೇಕು ಬಿಡೋ" ಅನ್ನಬೇಡಿ. ಆಕ್ಸಿಜನ್ ಕೊಡಿಸಿ, ಡಾಕ್ಟರ್ ಹತ್ತಿರ ಕರೆದೊಯ್ಯಿರಿ, ಆದಷ್ಟು ಬೇಗ ಕೆಳಗಿಳಿಸಿ. ಆಕ್ಸಿಜನ್ ಸಿಕ್ಕರೆ ಬಿಗಿದ ನಾಳಗಳು ಸಡಿಲಾಗುತ್ತವೆ.