ಇಳಿಯುವುದಾ, ಹಡಗಿನಲ್ಲೇ ಕೂರುವುದಾ?

ಕಾಸರಗೋಡು: ಕೊಚ್ಚಿ ಬಿಟ್ಟ ಹಡಗು ರಾತ್ರಿಯಿಡೀ ಓಡಿ ಬೆಳಗಾಗುವಾಗ ನಿಂತಿರುತ್ತದೆ. ಎದುರಿಗೆ ತೆಂಗಿನ ಮರಗಳ ಒಂದು ಗೆರೆ, ಅದರ ಮುಂದೆ ಹಸಿರೋ ನೀಲಿಯೋ ಹೇಳಲಾಗದ ಬಣ್ಣದ ನೀರು. ತಿಂಡಿ ಮುಗಿಸಿದವರು ಕೆಳಗಿನ ಅಂತಸ್ತಿನ ಬಾಗಿಲ ಬಳಿ ಸಾಲುಗಟ್ಟುತ್ತಾರೆ. ಆ ಬಾಗಿಲಾಚೆ ಮೆಟ್ಟಿಲಿಲ್ಲ, ನೆಲವೂ ಇಲ್ಲ. ಒಂದು ದೋಣಿ ಅಲೆಯ ಮೇಲೆ ಮೊಣಕಾಲೆತ್ತರ ಏರುತ್ತದೆ, ಮತ್ತೆ ಅಷ್ಟೇ ಇಳಿಯುತ್ತದೆ. ಮಕ್ಕಳು ಆಗಲೇ ಹಾರಿಯಾಗಿರುತ್ತದೆ. ಹಿಂದೆ ನಿಂತ ಅಮ್ಮ ಮಾತ್ರ ದೋಣಿಯನ್ನೊಮ್ಮೆ, ಮಗನನ್ನೊಮ್ಮೆ ನೋಡುತ್ತಾರೆ. "ನೀವು ಹೋಗಿ ಬನ್ನಿ ಮಾರಾಯ, ನಾನು ಇಲ್ಲೇ ಕೂರ್ತೇನೆ."

ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗುವ ಕುಟುಂಬಗಳಲ್ಲಿ ಹಿರಿಯರ ಬಾಯಲ್ಲಿ ಈ ಮಾತು ಬಾರದೆ ಇರುವುದು ಕಡಿಮೆ. ಅರ್ಜಿ ಹಾಕಿ, ಪ್ರವೇಶ ಪರವಾನಗಿ ಪಡೆದು, ದುಡ್ಡು ಕಟ್ಟಿ, ರಾತ್ರಿ ರೈಲಿನಲ್ಲಿ ಕೊಚ್ಚಿಗೆ ಹೋಗಿ, ಕಡಲಲ್ಲಿ ವಾಂತಿಯನ್ನೂ ತಡೆದುಕೊಂಡು ಬಂದ ಮೇಲೆ ದ್ವೀಪ ಕಣ್ಣೆದುರಿಗೇ ಇದೆ. ಈಗ ಇಳಿಯಬೇಕೋ ಬೇಡವೋ? ತೀರ್ಮಾನಕ್ಕೆ ಸಿಗುವುದು ಎರಡು ನಿಮಿಷ. ಹಿಂದಿನವರು ತಳ್ಳುತ್ತಿರುತ್ತಾರೆ.

ಈ ತೀರ್ಮಾನವನ್ನು ಆ ಬಾಗಿಲಲ್ಲಿ ಮಾಡುವುದೇ ತಪ್ಪು. ಅದು ಮನೆಯಲ್ಲೇ ಆಗಬೇಕಾದ ಮಾತು.

ಹಡಗು ದಡಕ್ಕೆ ಯಾಕೆ ಹೋಗುವುದಿಲ್ಲ?

ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರು ಮಾತ್ರ. ಜನವಸತಿ ಇರುವ ದ್ವೀಪಗಳು ಹತ್ತು ಚಿಲ್ಲರೆ. ದ್ವೀಪದ ಸುತ್ತ ಹವಳದ ಗೋಡೆ, ಗೋಡೆಯ ಒಳಗೆ ಲಗೂನ್ ಎಂಬ ಶಾಂತ ನೀರು. ಸೊಂಟದುದ್ದ, ಎದೆಯುದ್ದದ ಆ ನೀರಿಗೆ ದೊಡ್ಡ ಹಡಗು ಬರುವಂತಿಲ್ಲ. ಹೊರಗಿನ ಆಳ ಕಡಲಲ್ಲೇ ಅದು ನಿಲ್ಲಬೇಕು. ಅಲ್ಲಿಂದ ಜನರನ್ನು ದೋಣಿಗೆ ದಾಟಿಸಿ, ಹವಳದ ಗೋಡೆಯ ಸಂದಿನಿಂದ ಒಳಗೆ ಕರೆದೊಯ್ಯುತ್ತಾರೆ. ಕೆಲವು ದ್ವೀಪಗಳಲ್ಲಿ ಈಗ ಪೂರ್ವ ಬದಿಗೆ ಜೆಟ್ಟಿ ಉಂಟು. ಕಡಲು ಸುಮ್ಮನಿದ್ದ ದಿನ ಹಡಗು ಅದಕ್ಕೇ ತಾಗಿ ನಿಲ್ಲಬಹುದು. ಆದರೆ ಕಡಲು ಸುಮ್ಮನಿರುತ್ತದೆಂದು ನಂಬಿ ಟಿಕೆಟ್ ತೆಗೆಯುವಂತಿಲ್ಲ.

ದ್ವೀಪಾಡಳಿತದ ಪ್ರವಾಸ ಸಂಸ್ಥೆ ವರ್ಷಗಳಿಂದ ನಡೆಸಿಕೊಂಡು ಬಂದ 'ಸಮುದ್ರಂ' ಎಂಬ ಐದು ದಿನದ ಪ್ರವಾಸದ ಕ್ರಮವೂ ಇದೇ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರು ದ್ವೀಪ. ಹಗಲು ದ್ವೀಪದಲ್ಲಿ, ಮಧ್ಯಾಹ್ನದ ಊಟವೂ ಅಲ್ಲೇ. ಸಂಜೆ ವಾಪಸ್, ರಾತ್ರಿ ಹಡಗಿನಲ್ಲಿ ನಿದ್ದೆ. ಈ ಓಡಾಟಕ್ಕೆ ಹೆಸರಾದ 'ಎಂ.ವಿ. ಕವರತ್ತಿ' ವಿಶಾಖಪಟ್ಟಣದಲ್ಲಿ ಕಟ್ಟಿದ, 700 ಪ್ರಯಾಣಿಕರ ಹಡಗು. ದ್ವೀಪದವರು ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಹೋಗಿಬರುವುದೂ ಇಂಥ ಹಡಗಿನಲ್ಲೇ. ಪ್ರವಾಸಿಗಳು ಅವರ ಜೊತೆಗಾರರು ಅಷ್ಟೆ. ಇದು ಬರೀ ಮೋಜಿನ ಹಡಗಲ್ಲ.

ಇಳಿಯುವುದು ಸುಲಭ, ಹತ್ತುವುದು ಕಷ್ಟ

ದೋಣಿಗೆ ಇಳಿಯುವಾಗ ಬೆಳಗಿನ ಹೊತ್ತು, ಮೈಯಲ್ಲಿ ಉತ್ಸಾಹ ಇರುತ್ತದೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ನಾವಿಕರು ನಿಂತು ತೋಳು ಹಿಡಿದು ದಾಟಿಸುತ್ತಾರೆ. ದೋಣಿ ಅಲೆಯ ಮೇಲೆ ಏರಿ ಒಂದು ಕ್ಷಣ ನಿಂತಂತಾಗುತ್ತದೆ. ಆಗ ಕಾಲಿಡಬೇಕು. ಅವರು "ಬನ್ನಿ" ಎಂದಾಗ ಬರಬೇಕು. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ಯೋಚನೆ ಮಾಡುವುದೇ ಅಪಾಯ. ಹಿಂಜರಿದು ನಿಂತವರಿಗೆ ಏಟಾಗುವ ಸಂಭವ ಜಾಸ್ತಿ.

ಸಂಜೆಯ ಲೆಕ್ಕ ಬೇರೆ. ಬಿಸಿಲಿನಲ್ಲಿ ತಿರುಗಿ ಕಾಲು ಸೋತಿರುತ್ತದೆ, ಬಟ್ಟೆ ಒದ್ದೆ, ಕೈಯಲ್ಲಿ ಚೀಲ. ಮಧ್ಯಾಹ್ನದ ಮೇಲೆ ಗಾಳಿ ಏಳುವ ದಿನಗಳೂ ಉಂಟು. ಆಗ ಅಲುಗುವ ದೋಣಿಯಿಂದ ಮೇಲಿನ ಬಾಗಿಲಿಗೆ ಏರಬೇಕು. ಬೆಳಿಗ್ಗೆ ಧೈರ್ಯ ಮಾಡಿ ಇಳಿದ ಎಪ್ಪತ್ತರ ಅಜ್ಜ ಸಂಜೆ ಹತ್ತಲಾರೆ ಎನ್ನುವಂತಿಲ್ಲ. ಹಡಗಿಗೆ ಬೇರೆ ದಾರಿಯೇ ಇಲ್ಲ. ಹಾಗಾಗಿ ಬೆಳಿಗ್ಗೆ ಕೇಳಿಕೊಳ್ಳಬೇಕಾದ್ದು "ಇಳಿಯಲು ಆಗ್ತದಾ" ಎಂದಲ್ಲ, "ಸಂಜೆ ಹತ್ತಲು ಆಗ್ತದಾ" ಎಂದು. ಮನೆಯಲ್ಲೇ ಇದನ್ನು ನೋಡಬಹುದು. ಕೈಯಾಸರೆ ಇಲ್ಲದೆ ಎರಡು ಎತ್ತರದ ಮೆಟ್ಟಿಲನ್ನು ಒಟ್ಟಿಗೆ ಏರಲಾಗದವರು, ಬಸ್ಸು ಹತ್ತುವಾಗ ಇನ್ನೊಬ್ಬರು ಮೇಲಿನಿಂದ ಎಳೆಯಬೇಕಾದವರು ದೋಣಿಯ ಆಸೆ ಬಿಡುವುದೇ ಒಳ್ಳೆಯದು.

ಇಳಿಯುವವರು ಎರಡೂ ಕೈ ಖಾಲಿ ಇಟ್ಟುಕೊಳ್ಳಬೇಕು. ಚೀಲ ಬೆನ್ನಿಗೆ, ಮೊಬೈಲು ಪ್ಲಾಸ್ಟಿಕ್ ಲಕೋಟೆಯೊಳಗೆ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಬೇಕು, ಹವಾಯಿ ಚಪ್ಪಲಿ ಬೇಡವೇ ಬೇಡ. ಸೀರೆಯ ನೆರಿಗೆಯನ್ನು ಕಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಳ್ಳಲು ನಾಚಿಕೆ ಪಡಬೇಕಾಗಿಲ್ಲ, ಅಲ್ಲಿ ಎಲ್ಲರ ಕಣ್ಣೂ ಅಲೆಯ ಮೇಲೇ ಇರುತ್ತದೆ. ಲೈಫ್ ಜಾಕೆಟ್ ಕೊಟ್ಟರೆ ಫೋಟೊಕ್ಕಾಗಿ ಬಿಚ್ಚಬಾರದು.

ಮೂರರಲ್ಲಿ ಒಂದನ್ನು ಆರಿಸುವುದಾದರೆ

ಮೂರೂ ದ್ವೀಪಗಳಲ್ಲಿ ಇಳಿಯಲೇಬೇಕೆಂಬ ಹಟ ಹಲವರಿಗೆ. ದುಡ್ಡು ಕೊಟ್ಟಾಗಿದೆಯಲ್ಲ! ಆದರೆ ಮೂರು ದಿನ ದಿನಕ್ಕೆರಡು ಬಾರಿ ದೋಣಿ ದಾಟುವುದು ಎಲ್ಲರ ಮೈಗೂ ಆಗುವುದಲ್ಲ. ಒಂದನ್ನು ಬಿಟ್ಟರೆ ಉಳಿದೆರಡು ಚೆನ್ನಾಗಿ ಕಾಣುತ್ತವೆ.

ಕಲ್ಪೇನಿ ನೀರಾಟದ ದ್ವೀಪ. ಅಗಲವಾದ ಲಗೂನ್, ಅದರೊಳಗೆ ತಿಲಕ್ಕಂ, ಪಿಟ್ಟಿ ಎಂಬ ಪುಟ್ಟ ತಿಟ್ಟುಗಳು. ಈಜು, ಮುಖವಾಡ ಹಾಕಿ ಹವಳ ನೋಡುವುದು, ಕಯಾಕ್ ಎಂಬ ಸಣ್ಣ ದೋಣಿ ನಡೆಸುವುದು ಇವೇ ಇಲ್ಲಿನ ಆಕರ್ಷಣೆ. 1847ರ ಚಂಡಮಾರುತಕ್ಕೆ ನಲುಗಿದ ದ್ವೀಪ ಇದು. ನೀರಿಗೆ ಇಳಿಯುವ ಮನಸ್ಸಿಲ್ಲದ ಹಿರಿಯರಿಗೆ ಇಲ್ಲಿ ದಿನವಿಡೀ ತೆಂಗಿನ ನೆರಳೇ ಗತಿ. ಬಿಡುವುದಾದರೆ ಇದನ್ನೇ ಬಿಡಬಹುದು. ಮಕ್ಕಳಿಗಾದರೆ ಇದೇ ಸ್ವರ್ಗ.

ಕವರತ್ತಿ ರಾಜಧಾನಿ. 1964ರಲ್ಲಿ ಕೋಝಿಕೋಡಿನಿಂದ ಆಡಳಿತ ಕಚೇರಿ ಇಲ್ಲಿಗೆ ಬಂತು. ಮರದ ಕೆತ್ತನೆಗೆ ಹೆಸರಾದ ಉಜ್ರಾ ಮಸೀದಿ, ಮೀನಿನ ಅಕ್ವೇರಿಯಂ, ಸಪಾಟು ರಸ್ತೆ. ನಡೆಯುವುದು ಕಡಿಮೆ, ಕೂರುವುದಕ್ಕೆ ಜಾಗ ಬೇಕಷ್ಟು. ಇಲ್ಲಿಯೂ ಕಲ್ಪೇನಿಯಲ್ಲೂ ಮಾತು ಮಲಯಾಳದ್ದೇ ಒಂದು ಬಗೆ. ಶಾಲೆಯಲ್ಲಿ ಮಲಯಾಳ ಕಲಿತ ಗಡಿನಾಡಿನ ಮಕ್ಕಳು ಇಲ್ಲಿ ಮನೆಮಂದಿಗೆಲ್ಲ ದುಭಾಷಿಗಳಾಗುತ್ತಾರೆ. ಅಲ್ಲಿನ ಮಾತಿನ ಧಾಟಿ ಮೊದಲ ಅರ್ಧ ಗಂಟೆ ಅವರಿಗೂ ಅರ್ಥವಾಗುವುದಿಲ್ಲ ಎಂಬುದು ಬೇರೆ ಮಾತು.

ಮಿನಿಕಾಯ್ ಈ ಎರಡಕ್ಕೂ ಸೇರಿದ್ದಲ್ಲ. ದಕ್ಷಿಣದ ತುದಿಯಲ್ಲಿ ಒಂಟಿಯಾಗಿ ಉಳಿದ ದ್ವೀಪ. ಅಲ್ಲಿನ ಮಹಲ್ ಭಾಷೆ ಮಾಲ್ಡೀವ್ಸಿನ ಭಾಷೆಯ ಒಡಹುಟ್ಟು, ಲಿಪಿ ಬಲದಿಂದ ಎಡಕ್ಕೆ. ಟ್ಯೂನ ಮೀನಿನ ಕಾರ್ಖಾನೆ, ಒಣಗಿಸಿದ 'ಮಾಸ್', ಅಚ್ಚುಕಟ್ಟಾದ ಹಳ್ಳಿಗಳು, 1885ರಲ್ಲಿ ಮೊದಲ ಬಾರಿಗೆ ಬೆಳಗಿದ ದೀಪಸ್ತಂಭ. ದೀಪಸ್ತಂಭ ಹತ್ತಲೇಬೇಕೆಂದಿಲ್ಲ, ಕೆಳಗೆ ನಿಂತು ನೋಡಿದರೂ ಆಯಿತು. ಕಾಲಲ್ಲಿ ಒಂದೇ ಇಳಿತಕ್ಕೆ ಬಲ ಉಳಿದಿದ್ದರೆ ಅದನ್ನು ಮಿನಿಕಾಯ್‌ಗೆ ಇಟ್ಟುಕೊಳ್ಳುವುದು ಜಾಣತನ. ಬೇರೆಲ್ಲೂ ಇಲ್ಲದ ಊರು ಅದು.

ಕಾಸರಗೋಡಿನವರಿಗೆ ಈ ದ್ವೀಪಗಳ ಬಗ್ಗೆ ಇನ್ನೊಂದು ಹಳೆಯ ಕುತೂಹಲವೂ ಉಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನಿದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯದ್ದು. ಕಾಸರಗೋಡಿಗೂ ಆ ದ್ವೀಪಗಳಿಗೂ ಒಬ್ಬರೇ ಕಲೆಕ್ಟರು, ಕಚೇರಿ ಮಂಗಳೂರಿನಲ್ಲಿ. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಮಂಗಳೂರಿನಲ್ಲಿ ಅಕ್ಕಿ ಪಡೆದು ಹೋಗುತ್ತಿದ್ದ ಕಾಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಅದೇ ದಿನ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಆದರೆ ಗಮನಿಸಬೇಕು, ಮೇಲೆ ಹೇಳಿದ ಮೂರು ದ್ವೀಪಗಳು ಆ ಗುಂಪಿನವಲ್ಲ. "ನಮ್ಮ ಹಳೇ ಜಿಲ್ಲೆ" ನೋಡಬೇಕೆನ್ನುವ ಅಜ್ಜಂದಿರು ಕಡಮತ್‌ನ ಬೇರೆ ಪ್ರವಾಸವನ್ನೇ ವಿಚಾರಿಸಬೇಕು.

ಗಡಿಯಾರದ ಲೆಕ್ಕ

ವಿದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ದೊಡ್ಡ ಕ್ರೂಸ್ ಹಡಗಿಗೆ ಹತ್ತಿಸುವುದು ಈಗ ಅಪರೂಪವಲ್ಲ. ಅಲ್ಲಿ ಹೆದರಿಕೆ ಅಲೆಯದ್ದಕ್ಕಿಂತ ಹೊತ್ತಿನದ್ದು. ಬಂದರಿನಲ್ಲಿ ಎಂಟು ಗಂಟೆ ನಿಲುಗಡೆ ಎಂದು ಬರೆದಿದ್ದರೆ ಎಂಟೂ ಕೈಗೆ ಸಿಗುವುದಿಲ್ಲ. ಕಾಗದಪತ್ರ ಮುಗಿದು ಇಳಿಯಲು ಬಿಡುವುದಕ್ಕೆ ಒಂದು ಗಂಟೆ ಹಿಡಿಯಬಹುದು. ಹೊರಡುವ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ಒಳಗಿರಬೇಕು. ಬಂದರಿನಿಂದ ಪೇಟೆಗೆ ಹೋಗಿಬರುವ ದಾರಿ ಕಳೆದರೆ ಉಳಿಯುವುದು ಐದು ಗಂಟೆ. ನೋಡಬೇಕಾದ ಜಾಗ ಎರಡು ಗಂಟೆಯ ದಾರಿಯಾದರೆ ಅಲ್ಲಿ ನಿಲ್ಲಲು ಸಿಗುವುದು ಒಂದೇ ಗಂಟೆ. ಅಷ್ಟಕ್ಕೆ ಹೋಗಬೇಕಾ?

ಹಡಗಿನವರೇ ಏರ್ಪಡಿಸಿದ ಬಸ್ಸಿನಲ್ಲಿ ಹೋದರೆ, ಅದು ತಡವಾದರೂ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಅಗ್ಗವೆಂದು ಸ್ವಂತ ಟ್ಯಾಕ್ಸಿಯಲ್ಲಿ ಹೋದವರಿಗೆ ಕಾಯುವುದಿಲ್ಲ. 2024ರ ಮಾರ್ಚಿನಲ್ಲಿ ಆಫ್ರಿಕದ ಪಶ್ಚಿಮದ ಸಾವೊ ಟೊಮೆ ದ್ವೀಪದಲ್ಲಿ ಹೀಗೆ ಬೇರೆ ಪ್ರವಾಸಕ್ಕೆ ಹೋಗಿ ತಡವಾದ 8 ಮಂದಿಯನ್ನು ಬಿಟ್ಟೇ ಹಡಗು ಹೊರಟಿತು. ಅವರು ಗ್ಯಾಂಬಿಯಾದಲ್ಲಿ ಹಿಡಿಯೋಣವೆಂದರೆ ಅಲ್ಲಿ ಹಡಗು ಬಂದರಿಗೆ ಬರಲಾಗಲಿಲ್ಲ. ಮತ್ತೆ ಸೆನೆಗಲ್ ಕಡೆಗೆ ಓಟ. ಪಾಸ್‌ಪೋರ್ಟಿನ ಪ್ರತಿ, ಎರಡು ದಿನದ ಮಾತ್ರೆ, ಸ್ವಲ್ಪ ದುಡ್ಡು ಇಲ್ಲದೆ ಹಡಗಿನಿಂದ ಕಾಲು ಹೊರಗಿಡಬಾರದೆಂದು ಹೇಳುವುದು ಇದಕ್ಕೇ. ಮೊಬೈಲು ತನ್ನಷ್ಟಕ್ಕೆ ಊರಿನ ಸಮಯಕ್ಕೆ ಬದಲಾಗುತ್ತದೆ, ಹಡಗಿನ ಸಮಯ ಬೇರೆ ಇರಬಹುದು. ಕೈಗಡಿಯಾರ ಹಡಗಿನ ಸಮಯದಲ್ಲೇ ಇರಲಿ.

ಇದೇ ಲೆಕ್ಕವನ್ನು ಪರದೇಶದವರು ನಮ್ಮೂರಿನಲ್ಲಿ ಹಾಕುವುದನ್ನೂ ನೋಡಬಹುದು. ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ಕ್ರೂಸ್ ಹಡಗುಗಳು ಬರುತ್ತವೆ, ಬೆಳಿಗ್ಗೆ ಬಂದು ಸಂಜೆ ಹೊರಡುತ್ತವೆ. ಕೆಲವರು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ 42 ಅಡಿಯ ಗೊಮ್ಮಟನಲ್ಲಿಗೆ ಹೋಗುತ್ತಾರೆ. ಕೆಲವರು ಅಲೋಶಿಯಸ್ ಚಾಪೆಲ್, ಕುದ್ರೋಳಿ, ಗೇರುಬೀಜದ ಕಾರ್ಖಾನೆಗೆ ತೃಪ್ತರು. ಇನ್ನು ಕೆಲವರು ಹಡಗಿನಿಂದ ಇಳಿಯುವುದೇ ಇಲ್ಲ. ಬಸದಿಯ ಮೆಟ್ಟಿಲಲ್ಲಿ ಬೂಟು ಬಿಚ್ಚುತ್ತಾ ಗಡಿಯಾರ ನೋಡುವ ಬಿಳಿಯ ಅಜ್ಜಿ ಮತ್ತು ಕಲ್ಪೇನಿಯ ದೋಣಿ ನೋಡುವ ಕುಂಬಳೆಯ ಅಮ್ಮ, ಇಬ್ಬರ ಚಿಂತೆಯೂ ಒಂದೇ.

ಹಡಗಿನವರ ಮನೆಗಳಲ್ಲಿ

ಉದುಮ, ಪಾಲಕುನ್ನು, ಕೋಟಿಕುಳಂ ಕಡೆ ಹಡಗು ನೌಕರರ ಮನೆಗಳು ಅನೇಕ. ಅವರಿಗೆ ಇದು ಪ್ರವಾಸದ ಪ್ರಶ್ನೆಯಲ್ಲ, ದಿನದ ಪ್ರಶ್ನೆ. ಕಂಟೇನರ್ ಹಡಗು ಬಂದರಿನಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಎರಡು ಪಾಳಿಗಳ ನಡುವೆ ಸಿಗುವ ನಾಲ್ಕಾರು ಗಂಟೆಯಲ್ಲಿ ನಿದ್ದೆ ಮಾಡುವುದೋ, ಊರಿಗೆ ಫೋನು ಮಾಡಲು, ಸಾಬೂನು ತರಲು ದಡಕ್ಕೆ ಹೋಗುವುದೋ? 2004ರಲ್ಲಿ ಬಂದರುಗಳ ಭದ್ರತಾ ನಿಯಮ ಬಿಗಿಯಾದ ಮೇಲೆ ಗೇಟು ದಾಟುವುದೇ ಹಲವೆಡೆ ತಲೆನೋವಾಯಿತು. ಕೋವಿಡ್ ಕಾಲದಲ್ಲಿ ಆಯ್ಕೆಯೇ ಇರಲಿಲ್ಲ. 2020ರ ಕೊನೆಗೆ ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಹಡಗಿನಲ್ಲೇ ಸಿಲುಕಿದ್ದರೆಂದು ಅಂತಾರಾಷ್ಟ್ರೀಯ ಸಾಗರ ಸಂಘಟನೆ ಅಂದಾಜಿಸಿತ್ತು. ಆ ವರ್ಷ ಪಾಲಕುನ್ನಿನ ಮನೆಗಳು ಹೇಗೆ ಕಳೆದವೆಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಳಿಯದೆ ಉಳಿಯುವವರು ನಷ್ಟವಾಯಿತೆಂದು ಕೊರಗುವುದು ಬೇಡ. ಜನ ಇಳಿದ ಮೇಲೆ ಹಡಗು ಖಾಲಿ. ಮೇಲಿನ ಅಂತಸ್ತಿನಲ್ಲಿ ನೆರಳು ನೋಡಿ ಕೂತರೆ ದೋಣಿಗಳ ಓಡಾಟ, ಹವಳದ ಗೋಡೆಗೆ ಒಡೆಯುವ ಬಿಳಿ ನೊರೆ, ಹೊತ್ತೇರಿದಂತೆ ಬದಲಾಗುವ ನೀರಿನ ಬಣ್ಣ ಎಲ್ಲ ಕಾಣುತ್ತದೆ. ಆದರೆ ನಿಂತ ಹಡಗು ಓಡುವ ಹಡಗಿಗಿಂತ ಹೆಚ್ಚು ಹೊರಳಾಡಬಹುದು, ತಲೆಸುತ್ತಿನ ಮಾತ್ರೆ ಹತ್ತಿರವಿರಬೇಕು. ಮಧ್ಯಾಹ್ನದ ಊಟ ದ್ವೀಪದಲ್ಲಿ ಇಟ್ಟಿರುವುದರಿಂದ ಹಡಗಿನಲ್ಲಿ ಏನು ಸಿಗುತ್ತದೆಂದು ಮೊದಲೇ ಕೇಳಿಡಬೇಕು. ಒಬ್ಬರನ್ನೇ ಬಿಟ್ಟು ಎಲ್ಲರೂ ಇಳಿಯುವುದೂ ಸರಿಯಲ್ಲ. ಒಂದು ದ್ವೀಪಕ್ಕೆ ಮಗ, ಇನ್ನೊಂದಕ್ಕೆ ಸೊಸೆ ಜೊತೆಗೆ ಕೂತರೆ ಯಾರಿಗೂ ಭಾರವಾಗದು.

ಇಳಿದವರು ವಾಪಸ್ ಬರುವಾಗ ಹವಳದ ತುಂಡು ಹೆಕ್ಕಿ ತರಬಾರದು, ವನ್ಯಜೀವಿ ಕಾನೂನಿನಡಿ ಅದು ಅಪರಾಧ. ಅಮ್ಮನಿಗೆ ತೆಂಗಿನ ಬೆಲ್ಲವೋ ಹಲ್ವವೋ ತಂದರೆ ಸಾಕು.

ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಕಡಲು ಕೆಟ್ಟಿರುವುದರಿಂದ ಪ್ರವಾಸಿ ಹಡಗಿನ ಯೋಚನೆ ಬೇಡ. ಹೊರಗಿನವರಿಗೆ ಪ್ರವೇಶ ಪರವಾನಗಿ ಕಡ್ಡಾಯ, ಅದಕ್ಕೆ ದಿನ ಹಿಡಿಯುತ್ತದೆ. ಮಳೆ ಬಿಡುವ ಮೊದಲೇ ಅರ್ಜಿಯ ಕೆಲಸ ಶುರು ಮಾಡುವವರು, ಮೊಣಕಾಲು ನೋಡುವ ಡಾಕ್ಟರ ಬಳಿಗೂ ಅಪ್ಪ ಅಮ್ಮನನ್ನು ಅದೇ ವಾರ ಕರೆದುಕೊಂಡು ಹೋಗಿ ಬರಬಹುದು.