ಕಂಟೇನರ್‌ನೊಳಗಿನ ಟಾಮ್‌ಕ್ಯಾಟ್‌ಗೆ ಹೊರಗಿನಿಂದ ಸೂಚನೆ

ಜಾವಾ ಸರ್ವರ್‌ಗಳ ಪೈಕಿ ಅಪಾಚೆ ಟಾಮ್‌ಕ್ಯಾಟ್ ಹಳೆಯ ಹೆಸರು. 2013ರಲ್ಲಿ ಡಾಕರ್ ಬಂದ ಬಳಿಕ ಅದನ್ನು ಕಂಟೇನರ್ ಎಂಬ ಮುಚ್ಚಿದ ಡಬ್ಬಿಯಲ್ಲಿಟ್ಟು ಓಡಿಸುವ ಪದ್ಧತಿ ಬೆಳೆಯಿತು. ಡಬ್ಬಿಯ ಮೂಲಪ್ರತಿಗೆ ಇಮೇಜ್ ಎಂದು ಹೆಸರು. ಪರೀಕ್ಷೆಗೂ ನಿಜ ಬಳಕೆಗೂ ಇಮೇಜ್ ಒಂದೇ. ಬದಲಾಗುವುದು ಡೇಟಾಬೇಸ್‌ನ ವಿಳಾಸ, ಗುಪ್ತಪದ, ಮೆಮೊರಿಯ ಮಿತಿ. ಇವನ್ನು ಒಳಗೇ ಬರೆದಿಟ್ಟರೆ ಪ್ರತಿ ಬದಲಾವಣೆಗೂ ಹೊಸ ಇಮೇಜ್ ಕಟ್ಟಬೇಕಾಗುತ್ತದೆ.

ಆದ್ದರಿಂದ ಅವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಮೂಲಕ ಹೊರಗಿನಿಂದ ಒದಗಿಸಲಾಗುತ್ತದೆ. 'ಕ್ಯಾಟಲಿನಾ_ಆಪ್ಟ್ಸ್' ಎಂಬುದರಲ್ಲಿ ಬರೆದದ್ದನ್ನು ಟಾಮ್‌ಕ್ಯಾಟ್‌ನ ಆರಂಭಿಕ ಕಡತವು ಓದಿ ಜಾವಾಕ್ಕೆ ದಾಟಿಸುತ್ತದೆ. 'ಜಾವಾ_ಟೂಲ್_ಆಪ್ಷನ್ಸ್' ಅನ್ನು ಜಾವಾ ಯಂತ್ರವೇ ನೇರವಾಗಿ ಓದಿಕೊಳ್ಳುತ್ತದೆ.

ಹೆಚ್ಚಿನವರು ಎಡವುವುದು ಮೆಮೊರಿಯ ವಿಷಯದಲ್ಲಿ. ಹಳೆಯ ಜಾವಾಕ್ಕೆ ಡಬ್ಬಿಯ ಗೋಡೆಯೇ ಕಾಣುತ್ತಿರಲಿಲ್ಲ. ಇಡೀ ಕಂಪ್ಯೂಟರಿನ ಮೆಮೊರಿಯಲ್ಲಿ ಕಾಲುಭಾಗ ತನ್ನದೆಂದು ಅದು ಭಾವಿಸುತ್ತಿತ್ತು. 64 ಜಿಬಿ ಕಂಪ್ಯೂಟರಿನಲ್ಲಿ ಡಬ್ಬಿಯ ಮಿತಿ 2 ಜಿಬಿ ಇದ್ದರೂ 16 ಜಿಬಿವರೆಗೆ ಹಿಗ್ಗಲು ಹೊರಟು, ಲಿನಕ್ಸ್‌ನ ಕೈಯಲ್ಲಿ ಅರ್ಧದಲ್ಲೇ ಅಂತ್ಯ ಕಾಣುತ್ತಿತ್ತು. ಉಳಿಯುತ್ತಿದ್ದ ಸುಳಿವು 137 ಎಂಬ ಸಂಖ್ಯೆ; ಅದರ ಅರ್ಥ ತಿಳಿಯದವರು ತಮ್ಮ ಪ್ರೋಗ್ರಾಮಿನಲ್ಲೇ ದೋಷ ಹುಡುಕುತ್ತಿದ್ದರು. 2018ರಲ್ಲಿ ಬಂದ ಜಾವಾ 10 ಇದನ್ನು ಸರಿಪಡಿಸಿತು. ಅದೇ ವರ್ಷ ಜಾವಾ 8ರ ಪರಿಷ್ಕೃತ ಆವೃತ್ತಿಗೂ ಈ ತಿಳಿವಳಿಕೆ ಬಂದಿತು.

ಈಗ ಏನೂ ಸೂಚಿಸದಿದ್ದರೆ ಜಾವಾ ತನ್ನ ಹೀಪ್‌ಗೆ ಸಾಮಾನ್ಯವಾಗಿ ಡಬ್ಬಿಯ ಮಿತಿಯ ಶೇ. 25ರಷ್ಟನ್ನು ಮಾತ್ರ ಬಳಸುತ್ತದೆ. 'ಮ್ಯಾಕ್ಸ್‌ರ‍್ಯಾಮ್‌ಪರ್ಸೆಂಟೇಜ್' ಸೂಚನೆಯಿಂದ ಇದನ್ನು ಏರಿಸಬಹುದು. ಆದರೆ ಶೇ. 100ಕ್ಕೆ ಏರಿಸಿದರೆ ಥ್ರೆಡ್ ಮೊದಲಾದವುಗಳಿಗೆ ಜಾಗವಿಲ್ಲದೆ ಹಳೆಯ ಗತಿಯೇ ಮರುಕಳಿಸೀತು.

ಗುಪ್ತಪದಕ್ಕೆ ಮಾತ್ರ ಈ ಮಾರ್ಗ ಸಲ್ಲದು. ಡಾಕರ್ ಬಳಸಲು ಅನುಮತಿಯುಳ್ಳ ಯಾರೇ ಆಗಲಿ 'ಇನ್‌ಸ್ಪೆಕ್ಟ್' ಆಜ್ಞೆ ನೀಡಿದರೆ ವೇರಿಯಬಲ್‌ಗಳೆಲ್ಲ ತೆರೆದು ಕಾಣುತ್ತವೆ. ಅದನ್ನು ಪ್ರತ್ಯೇಕ ಕಡತದಲ್ಲಿಟ್ಟು, ಕಂಟೇನರ್ ಆರಂಭವಾಗುವಾಗ ಓದಲಷ್ಟೇ ಸಾಧ್ಯವಾಗುವಂತೆ ಜೋಡಿಸುವುದು ಲೇಸು.